ಎಡಮುರಿ ಕಲ್ಲು

ಪೆಟ್ಟಿಗೆಯಿಂದ ಶುರುಮಾಡಬೇಕು ಅಂದುಕೊಂಡಿದ್ದೆ. ಆದರೆ ಪೆಟ್ಟಿಗೆ ಮೊದಲು ಬಂತೋ ಮೇಡಂ ಅವರ ಫೋನು ಮೊದಲು ಬಂತೋ ಎಂದು ನೆನೆಯಲು ಹೋದರೆ ಎರಡೂ ಒಂದೇ ದಿನ ಬಂದ ಹಾಗೆ ಕಾಣುತ್ತದೆ. ಹಾಗಿರಲಾರದು. ನೆನಪಿಗೆ ಎಲ್ಲವನ್ನೂ ಒಪ್ಪವಾಗಿ ಜೋಡಿಸಿಡುವ ಚಾಳಿ ಇದೆ, ನನಗೆ ಅದರ ಮೇಲೆ ನಂಬಿಕೆ ಇಲ್ಲ. ಫೋನಿಗೆ ದಾಖಲೆ ಇದೆ: ಸೋಮವಾರ, ಊಟದ ಹೊತ್ತು, ನಾಲ್ಕು ನಿಮಿಷ. ಅಲ್ಲಿಂದಲೇ ಹೇಳುತ್ತೇನೆ.

"ಏನೋ, ನಂಬರ್ ಬದಲಾಯಿಸಿಲ್ಲ ನೀನು. ಯಾರು ಅಂತ ಗೊತ್ತಾಯ್ತಾ?"

ಗೊತ್ತಾಗದೆ ಏನು. ರಾಮನಗರದ ಕಾಲೇಜಿನಲ್ಲಿ ಬಿ.ಎಸ್‌ಸಿ.ಯ ಮೂರೂ ವರ್ಷ ನನಗೆ ಭೌತಶಾಸ್ತ್ರ ಹೇಳಿಕೊಟ್ಟವರು. ಹನ್ನೊಂದು ವರ್ಷದಿಂದ ಅವರ ದನಿ ಕೇಳಿರಲಿಲ್ಲ. ನಾನು ಕೈಲಾಂಚದಿಂದ ಹಾರೋಹಳ್ಳಿಗೆ ದಿನಾ ಬೈಕಿನಲ್ಲಿ ಹೋಗಿ ಬರುತ್ತೇನೆ. ಅವರು ರಾಮನಗರದಲ್ಲೇ ಇದ್ದಾರೆ. ಆದರೂ ಕೇಳಿರಲಿಲ್ಲ. ಎಂ.ಎಸ್‌ಸಿ. ಸೀಟು ಸಿಕ್ಕಿದ್ದಾಗ ನಾನು ಸೇರಲಿಲ್ಲ, ಸೇರಲಿಲ್ಲ ಎಂದು ಅವರಿಗೆ ಹೇಳಲೂ ಇಲ್ಲ. ಆಮೇಲೆ ಕಾಲೇಜಿನ ಬೀದಿ ಬಿಟ್ಟು ಇನ್ನೊಂದು ಬೀದಿಯಲ್ಲಿ ಓಡಾಡಿದೆ.

"ಗೊತ್ತಾಯ್ತು ಮೇಡಂ."

"ಈ ತಿಂಗಳ ಕೊನೆಗೆ ನಾನು ರಿಟೈರ್ ಆಗ್ತಿದೀನಿ. ಅದು ಬಿಡು. ಮೂಲೇಲಿ ಬೆಡ್‌ಶೀಟ್ ಹೊದ್ಕೊಂಡು ಮಲಗಿತ್ತಲ್ಲ, ಆ ಸ್ಪೆಕ್ಟ್ರೋಗ್ರಾಫ್ ನೆನಪಿದೆಯಾ?"

ನೆನಪಿತ್ತು. ಬೆಳಕನ್ನು ಬಿಡಿಸಿ ಗೆರೆಗಳಾಗಿ ತೋರಿಸುವ, ಒಂದಾಳುದ್ದದ ಉಪಕರಣ. ಬೆಂಗಳೂರಿನ ಯಾವುದೋ ಸಂಸ್ಥೆ ಹಳತಾಯಿತೆಂದು ನಮ್ಮ ಕಾಲೇಜಿಗೆ ದಾಟಿಸಿದ್ದು. ಬರುವಾಗಲೇ ಅದರ ಪ್ರಿಸಂ ಅರ್ಧ ಒಡೆದಿತ್ತು. ಕಣ್ಣಿಗೆ ಕಾಣುವ ನೇರಳೆಯ ಆಚೆಗೂ ಬೆಳಕಿದೆ. ಗಾಜು ಅದನ್ನು ಒಳಗೆ ಬಿಡುವುದಿಲ್ಲ, ಸ್ಫಟಿಕ ಬಿಡುತ್ತದೆ. ಆದ್ದರಿಂದ ಆ ಪ್ರಿಸಂ ಅಪ್ಪಟ ಸ್ಫಟಿಕದ್ದು, ಅಂಗಡಿಯಲ್ಲಿ ಸಿಗುವಂಥದ್ದಲ್ಲ.

"ನಾನು ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಆ ಗೆರೆಗಳನ್ನ ಬರ್ದೆ," ಅಂದರು. "ಒಂದು ದಿನಾನೂ ಅದರಲ್ಲಿ ನೋಡಿಲ್ಲ ಕಣೋ. ಈಗ ಹಳೇ ಸಾಮಾನು ವಿಲೇವಾರಿ ಕಮಿಟಿ ಬರುತ್ತೆ. ಅವರ ಮುಂದೆ ಕೆಲಸ ಮಾಡಿದ್ರೆ ಕನಕಪುರದ ಹೆಣ್ಣುಮಕ್ಕಳ ಕಾಲೇಜು ತಗೊಳುತ್ತೆ, ಮಾತಾಡಿದೀನಿ. ಇಲ್ಲಾಂದ್ರೆ ಗುಜರಿ. ನೀನು ಹರಳು ಕತ್ತರಿಸೋ ಫ್ಯಾಕ್ಟ್ರೀಲಿ ಇದ್ದೀಯ ಅಂತ ಯಾರೋ ಹೇಳಿದ್ರು."

"ನೋಡ್ತೀನಿ ಮೇಡಂ."

"ನೋಡ್ತೀನಿ ಅಂದ್ರೆ?"

"ಮಾಡ್ತೀನಿ."

ಮಾಡುತ್ತೇನೆ ಎಂದು ಯಾಕೆ ಅಂದೆನೋ ತಿಳಿಯದು. ಆ ಹೊತ್ತಿಗೆ ಏನು ಮಾಡಬೇಕೆಂದೇ ನನಗೆ ಗೊತ್ತಿರಲಿಲ್ಲ.

ನಮ್ಮ ಯೂನಿಟ್ ಚಿಕ್ಕದು, ಹನ್ನೆರಡು ಜನ. ರೇಡಿಯೋ, ಗಡಿಯಾರ, ಮೀಟರುಗಳಿಗೆ ಬೇಕಾದ ತೆಳ್ಳನೆಯ ಸ್ಫಟಿಕದ ಬಿಲ್ಲೆಗಳನ್ನು ಕತ್ತರಿಸುತ್ತೇವೆ. ಬಿಲ್ಲೆಯನ್ನು ಮನಸ್ಸಿಗೆ ಬಂದ ಕಡೆಗೆ ಕತ್ತರಿಸಿದರೆ ಪ್ರಯೋಜನವಿಲ್ಲ. ಒಳಗಿನ ಪರಮಾಣುಗಳ ಸಾಲಿಗೆ ಇಂತಿಷ್ಟೇ ಕೋನದಲ್ಲಿರಬೇಕು. ಕಲ್ಲನ್ನು ಎಕ್ಸ್‌ರೇ ಬೆಂಚಿನ ಮೇಲಿಟ್ಟು ಆ ಸಾಲುಗಳ ದಿಕ್ಕು ಹುಡುಕಿ ಗೀಟು ಹಾಕಿಕೊಡುವುದು ನನ್ನ ಕೆಲಸ.

ಹಿಪ್ಪುನೇರಳೆ ತೋಟದ ಪಕ್ಕ ಬಸ್ಸಿನಲ್ಲಿ ಹೋದವರಿಗೆ ಇದನ್ನು ಹೇಳುವುದು ಸುಲಭ. ಗಿಡಗಳು ಇದ್ದಲ್ಲೇ ಇರುತ್ತವೆ, ಬಸ್ಸು ಮುಂದೆ ಹೋದಂತೆ ಒಂದು ಕ್ಷಣ ನೇರ ಸಾಲುಗಳು ತೆರೆದುಕೊಳ್ಳುತ್ತವೆ, ಮರುಕ್ಷಣ ಓರೆ ಸಾಲುಗಳು. ಮೇಡಂ ಅದನ್ನೇ ಹೇಳಿ, ಅಂಥ ಒಂದೊಂದು ಸಾಲಿನ ಗುಂಪಿಗೂ ಒಂದೊಂದು ಚುಕ್ಕಿ ಇಡಿ ಅನ್ನುತ್ತಿದ್ದರು. ಸಾಲುಗಳಿಗೆ ಅಡ್ಡವಾಗಿ ಹೊರಡಿ. ಸಾಲುಗಳು ಒತ್ತೊತ್ತಾಗಿದ್ದರೆ ಚುಕ್ಕಿಯನ್ನು ದೂರ ಇಡಿ, ವಿರಳವಾಗಿದ್ದರೆ ಹತ್ತಿರ ಇಡಿ. ಎಲ್ಲ ಚುಕ್ಕಿ ಇಟ್ಟು ಮುಗಿದಾಗ ಇನ್ನೊಂದು ತೋಟ ಎದ್ದಿರುತ್ತದೆ, ಅದರಲ್ಲಿ ಗಿಡವಿಲ್ಲ, ಬರೀ ದಿಕ್ಕು ಮತ್ತು ಅಂತರ. ಪುಸ್ತಕದಲ್ಲಿ ಅದರ ಹೆಸರು ವ್ಯುತ್ಕ್ರಮ ಜಾಲಕ. ಎಕ್ಸ್‌ರೇ ನಮಗೆ ತೋರಿಸುವುದು ಆ ಎರಡನೆಯ ತೋಟವನ್ನು ಮಾತ್ರ. ಹನ್ನೊಂದು ವರ್ಷದಿಂದ ನಾನು ದುಡಿಯುತ್ತಿರುವುದು ಅಲ್ಲಿ. ಅಲ್ಲಿ ಹತ್ತಿರದ್ದು ದೂರ, ದೂರದ್ದು ಹತ್ತಿರ.

ಮರುದಿನ ಬೈಕಿನಲ್ಲಿ ಕಾಲೇಜಿಗೆ ಹೋಗಿ ಪ್ರಿಸಂನ ಎರಡೂ ಅರ್ಧಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದೆ. ಮೇಡಂ ಕ್ಲಾಸಿನಲ್ಲಿದ್ದರು. ಅಟೆಂಡರ್ ಕೊಟ್ಟ. ಮೇಡಂ ಬರುವವರೆಗೆ ನಿಲ್ಲಬಹುದಿತ್ತು, ನಿಲ್ಲಲಿಲ್ಲ.

ಅರ್ಧ ಎಂದಾಗ ನಿಜಕ್ಕೂ ಅರ್ಧವೇ. ಅದನ್ನು ಮಾಡಿದವರೇ ಎರಡು ತುಂಡಾಗಿ ಮಾಡಿದ್ದರು. ಸ್ಫಟಿಕದೊಳಗೆ ಪರಮಾಣುಗಳು ಸುತ್ತು ಮೆಟ್ಟಿಲಿನ ಹಾಗೆ ಏರುತ್ತ ಹೋಗುತ್ತವೆ, ಮೂರು ಮೆಟ್ಟಿಲಿಗೆ ಒಂದು ಸುತ್ತು. ಕೆಲವು ಕಲ್ಲಿನಲ್ಲಿ ಸುತ್ತು ಬಲಕ್ಕೆ, ಕೆಲವುಗಳಲ್ಲಿ ಎಡಕ್ಕೆ. ಶಂಖದಲ್ಲಿ ಬಲಮುರಿ, ಎಡಮುರಿ ಇಲ್ಲವೇ, ಹಾಗೆ. ಮೆಟ್ಟಿಲಿನ ಉದ್ದಕ್ಕೂ ಹಾದ ಬೆಳಕು ಒಂದಿಷ್ಟು ತಿರುಚಿಕೊಳ್ಳುತ್ತದೆ. ಇಡೀ ಪ್ರಿಸಂ ಒಂದೇ ಮುರಿಯದಾದರೆ ಒಂದೊಂದು ಗೆರೆಯೂ ಎರಡಾಗಿ ಸೀಳಿ ಕಾಣುತ್ತದೆ. ಅದಕ್ಕೇ ಒಂದರ್ಧ ಬಲಮುರಿ, ಇನ್ನೊಂದರ್ಧ ಎಡಮುರಿ. ಒಂದು ತಿರುಚಿದ್ದನ್ನು ಇನ್ನೊಂದು ಬಿಡಿಸುತ್ತದೆ. ನಾನು ತಂದ ಬಟ್ಟೆಯಲ್ಲಿ ಬಲಮುರಿ ಅರ್ಧ ಗಟ್ಟಿಯಾಗಿತ್ತು. ಎಡಮುರಿಯ ತುದಿ ಹೋಗಿ, ಮಧ್ಯಕ್ಕೆ ಬಿರುಕು ಇಳಿದಿತ್ತು.

ತೊಂದರೆ ಅಲ್ಲೇ. ನಮ್ಮಲ್ಲಿರುವುದೆಲ್ಲ ಕಾರ್ಖಾನೆಯಲ್ಲಿ ಬೆಳೆಸಿದ ಸ್ಫಟಿಕದ ಬಾರುಗಳು, ಅಂದರೆ ಉದ್ದನೆಯ ದಿಂಡುಗಳು. ಬೀಜದ ಹರಳು ಬಲಮುರಿ, ಆದ್ದರಿಂದ ಬೆಳೆದದ್ದೂ ಬಲಮುರಿ. ಎಡಮುರಿ ಬೇಕೆಂದರೆ ನೆಲದಿಂದ ಅಗೆದ ಕಲ್ಲೇ ಬೇಕು. ನೆಲದಲ್ಲಿ ಎರಡೂ ಸಿಗುತ್ತವೆ.

ಪೆಟ್ಟಿಗೆ ಬರುವುದು ಇಲ್ಲಿ. ಯೂನಿಟ್ ಶುರುವಾದ ಕಾಲದಲ್ಲಿ ತರಿಸಿದ ನೆಲದ ಕಲ್ಲುಗಳು ನಲವತ್ತರಷ್ಟು ಅದರಲ್ಲಿದ್ದವು. ಹರಳು ಬೆಳೆಯುವಾಗ ಹೊರಮೈಯಲ್ಲಿ ಮೂಡಿದ ಚಪ್ಪಟೆ ಮುಖಗಳನ್ನೆಲ್ಲ ಯಾರೋ ಉಜ್ಜಿ ತೆಗೆದಿದ್ದರು. ಅವು ಇದ್ದಿದ್ದರೆ ಕಣ್ಣಿನಲ್ಲೇ ಎಡವೋ ಬಲವೋ ಹೇಳಬಹುದಿತ್ತು. ಮಾಲೀಕರು ಪೆಟ್ಟಿಗೆಯನ್ನು ಮನಶ್ಶಾಂತಿಯ ಹರಳು ಮಾರುವ ಅಂಗಡಿಯವನಿಗೆ ಕೊಡಲು ಮಾತಾಡಿದ್ದರು.

"ಅವನು ಮುಂದಿನ ಶನಿವಾರ ಬತ್ತಾನೆ," ಅಂದರು. "ಅಷ್ಟ್ರೊಳಗೆ ನಿಂಗೆ ಬೇಕಾದ್ದು ಒಂದು ಎತ್ಕೊ. ಒಂದೇ. ಶಿಫ್ಟಿನ ಕೆಲಸ ನಿಲ್ಬಾರ್ದು, ನೋಡಪ್ಪಾ."

ಊಟದ ಅರ್ಧ ಗಂಟೆಯಲ್ಲಿ ಬೆಂಚು ನನ್ನದಾಯಿತು. ಕಲ್ಲಿನ ನಡುವೆ ಹಾದುಹೋಗುವ ಅಕ್ಷವನ್ನು, ಅಂದರೆ ಆ ಮೆಟ್ಟಿಲಿನ ಉದ್ದವನ್ನು ಮೊದಲು ಹುಡುಕಬೇಕು. ಡಿಟೆಕ್ಟರನ್ನು ಐವತ್ತು ಡಿಗ್ರಿಗೆ ಸ್ವಲ್ಪ ಮೇಲೆ ನಿಲ್ಲಿಸಿ, ಕಲ್ಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ ಒಂದು ಕಡೆ ಮೀಟರಿನ ಮುಳ್ಳು ಜಿಗಿಯುತ್ತದೆ. ಅದು ಅಕ್ಷದ ಮೇಲಿನ ಮೂರನೆಯ ಚುಕ್ಕಿ. ಮೊದಲನೆಯದೂ ಎರಡನೆಯದೂ ಸಿಗುವುದೇ ಇಲ್ಲ. ಮೂರು ಮೆಟ್ಟಿಲಿನ ಸುತ್ತು ಅವೆರಡನ್ನೂ ಅಳಿಸಿಹಾಕುತ್ತದೆ. ಇರಬೇಕಾದ ಜಾಗದಲ್ಲಿ ಇಲ್ಲದಿರುವ ಆ ಎರಡು ಚುಕ್ಕಿಗಳಿಂದಲೇ ಒಳಗೊಂದು ಸುತ್ತು ಇದೆ ಎಂದು ನಮಗೆ ಗೊತ್ತಾಗುವುದು.

ಮೂರು ದಿನ ಅಳೆದೆ. ಹದಿನಾಲ್ಕು ಕಲ್ಲಿನ ಅಕ್ಷ ಸಿಕ್ಕಿತು. ಅಷ್ಟರಲ್ಲಿ ತಿಳಿಯಿತು, ಈ ಅಳತೆಗಳಲ್ಲಿ ನನ್ನ ಪ್ರಶ್ನೆಗೆ ಉತ್ತರವಿಲ್ಲ. ಎರಡನೆಯ ತೋಟದಲ್ಲಿ ಪ್ರತಿ ಚುಕ್ಕಿಗೂ ಎದುರು ದಿಕ್ಕಿನಲ್ಲಿ ಅಷ್ಟೇ ಬಲದ ಜೋಡಿಚುಕ್ಕಿ ಇರುತ್ತದೆ. ಎಡಮುರಿ ಕಲ್ಲೂ ಬಲಮುರಿ ಕಲ್ಲೂ ಅಲ್ಲಿ ಒಂದೇ ಮುಖ ತೋರಿಸುತ್ತವೆ. ಸುತ್ತು ಇದೆ ಎನ್ನುವುದು ಗೊತ್ತಾಗುತ್ತದೆ, ಎತ್ತ ಎನ್ನುವುದು ನಮ್ಮ ಬೆಂಚಿಗೆ ಗೊತ್ತಾಗುವುದಿಲ್ಲ.

ಇದು ನನಗೆ ಮೊದಲೇ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಮೇಡಂ ಹೇಳಿದ್ದರು ಎಂದೂ, ಯಾವ ಬೆಂಚಿನಲ್ಲಿ ಕೂತು ಕೇಳಿದೆ ಎಂದೂ ಕಣ್ಣಿಗೆ ಕಟ್ಟುತ್ತದೆ. ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಮೂರು ದಿನದ ಅಳತೆ ಇದೆ. ಗೊತ್ತಿದ್ದವನು ಮೂರು ದಿನ ಅಳೆಯುವುದಿಲ್ಲ.

ಬೆಳಕನ್ನೇ ಕೇಳಬೇಕಾಯಿತು. ಕೆಟ್ಟುಹೋದ ಕಂಪ್ಯೂಟರ್ ಪರದೆಯೊಂದನ್ನು ಬಿಚ್ಚಿ, ಗಾಜಿಗೆ ಅಂಟಿದ್ದ ಕಂದು ಹಾಳೆಯನ್ನು ಸುಲಿದು ಎರಡು ತುಂಡು ಮಾಡಿದೆ. ಒಂದರ ಮೇಲೊಂದು ಅಡ್ಡವಾಗಿ ಹಿಡಿದರೆ ಬೆಳಕು ಪೂರ್ತಿ ನಿಲ್ಲುತ್ತದೆ. ನಡುವೆ ಸ್ಫಟಿಕವಿಟ್ಟು ಅಕ್ಷದ ಉದ್ದಕ್ಕೆ ನೋಡಿದರೆ ಬಣ್ಣ ಬರುತ್ತದೆ, ಮೇಲಿನ ಹಾಳೆಯನ್ನು ತಿರುಗಿಸಿದರೆ ಬಣ್ಣ ಬದಲಾಗುತ್ತದೆ. ನಮ್ಮ ಬಲಮುರಿ ಬಾರಿನಲ್ಲಿ ಬಣ್ಣಗಳು ಒಂದು ಕ್ರಮದಲ್ಲಿ ಬಂದವು. ಕ್ರಮ ಹಿಂದುಮುಂದಾಗಿ ಬರುವ ಕಲ್ಲು ನನಗೆ ಬೇಕಾದದ್ದು. ಆದರೆ ಪೆಟ್ಟಿಗೆಯ ಕಲ್ಲುಗಳ ಮೈ ಉಜ್ಜಿ ಮಬ್ಬಾಗಿತ್ತು. ಲವಂಗದ ಎಣ್ಣೆ ಸವರಿ ಮೇಲೊಂದು ಗಾಜಿನ ಚೂರು ಕೂರಿಸಿದರೆ ಆ ಮಬ್ಬು ಮಾಯವಾಗುತ್ತದೆ, ಒಳಗು ತಿಳಿಯಾಗಿ ಕಾಣುತ್ತದೆ.

ಪಾಲಿಶ್ ಮೇಜಿನ ಅಕ್ಕ ಮೂಗು ಹಿಡಿದುಕೊಂಡು ಬಂದರು. ಹಾರೋಹಳ್ಳಿಯವರೇ, ಯೂನಿಟ್ಟಿನಲ್ಲಿ ನನಗಿಂತ ಹಳಬರು.

"ಯಾರ್ಗಣ್ಣ ಹಲ್ನೋವು? ಕಲ್ಗಾ?"

"ಎಡ ಯಾವ್ದು ಬಲ ಯಾವ್ದು ಅಂತ ನೋಡ್ತಾ ಇವ್ನಿ ಅಕ್ಕ."

"ಅಯ್ಯೋ, ಕೈಲಿಡ್ಕಂಡ್ರೆ ಗೊತ್ತಾಗಕಿಲ್ವಾ? ಎಡಗೈಲಿ ಇಡ್ಕ, ಎಡ ಆಯ್ತದೆ."

ಕಲ್ಲಿನ ಮೇಲೆ ಕಲ್ಲು ನೋಡುತ್ತ ಹೋದೆ. ಬಹುಪಾಲು ಕಲ್ಲಿನೊಳಗೆ ಪಟ್ಟೆಪಟ್ಟೆ ಬಣ್ಣ ಎದ್ದಿತು. ಅಂದರೆ ಅದೇ ಕಲ್ಲಿನಲ್ಲಿ ಎಡವೂ ಬಲವೂ ಹೆಣೆದುಕೊಂಡು ಬೆಳೆದಿವೆ. ಅವು ಕೆಲಸಕ್ಕೆ ಬಾರವು. ಕೆಲವು ಪೂರ್ತಿ ಬಲಮುರಿ. ಮುಂದಿನ ವಾರದ ಗುರುವಾರ, ಊಟದ ಬಿಡುವು ಮುಗಿಯುವ ಹೊತ್ತಿಗೆ, ಮುಷ್ಟಿಗಿಂತ ಸ್ವಲ್ಪ ದೊಡ್ಡದೊಂದು ಕಲ್ಲು ಸಿಕ್ಕಿತು. ಒಳಗೆಲ್ಲ ಒಂದೇ ಬಣ್ಣ, ಒಂದು ಪಟ್ಟೆಯಿಲ್ಲ. ಹಾಳೆ ತಿರುಗಿಸಿದೆ. ಬಣ್ಣಗಳು ಹಿಂದುಮುಂದಾಗಿ ಬಂದವು. ಇನ್ನೊಮ್ಮೆ ತಿರುಗಿಸಿದೆ, ಮತ್ತೊಮ್ಮೆ ತಿರುಗಿಸಿದೆ. ಅಕ್ಕನ ಮಾತಿಗೆ ಅಲ್ಲ, ಆದರೂ ಎಡಗೈಗೆ ತೆಗೆದುಕೊಂಡೆ.

ಅವತ್ತು ಮೇಡಂಗೆ ಫೋನು ಮಾಡಬೇಕು ಅನ್ನಿಸಿತು. ಸಿಕ್ಕಿತು ಮೇಡಂ ಎಂದು ಒಂದೇ ಮಾತು. ಪರೀಕ್ಷೆಯಲ್ಲಿ ಉತ್ತರ ಬಂದ ಹುಡುಗ ಕೈಯೆತ್ತುವ ಹಾಗೆ. ಮಾಡಲಿಲ್ಲ. ಕತ್ತರಿಸಿ ಮುಗಿಸಿ ಮಾಡೋಣ ಅಂದುಕೊಂಡೆ.

ಗರಗಸ ನಡೆಸುವ ಭಾಯ್ ಚನ್ನಪಟ್ಟಣದವರು. ನಮ್ಮಲ್ಲಿಗೆ ಬರುವ ಮುಂಚೆ ಇಪ್ಪತ್ತು ವರ್ಷ ಗೊಂಬೆ ಕಡೆದವರು. ನಾನು ಪದವಿ ಓದಿದವನೆಂದು ನನ್ನನ್ನು ಮೇಷ್ಟ್ರೇ ಎಂದೇ ಕರೆಯುತ್ತಾರೆ, ಅರ್ಧ ಪ್ರೀತಿ, ಅರ್ಧ ಹಂಗಿಸಿ. ಕಲ್ಲನ್ನು ಗರಗಸದ ಪೀಠಕ್ಕೆ ಅಂಟಿಸಲು ನಮ್ಮಲ್ಲಿ ಮೇಣ ಮತ್ತು ರಾಳದ ಮಿಶ್ರಣವಿದೆ. ಬಿಸಿ ತಟ್ಟೆಯ ಮೇಲೆ ಕಲ್ಲನ್ನಿಟ್ಟು ಒಂದು ಗಂಟೆ ನಿಧಾನವಾಗಿ ಕಾಯಿಸಬೇಕು, ಅಷ್ಟೇ ನಿಧಾನವಾಗಿ ಆರಿಸಬೇಕು. ಭಾಯ್‌ಗೆ ಆ ಮೇಣದ ಮೇಲೆ ವಿಶ್ವಾಸವಿಲ್ಲ. ದೊಡ್ಡ ಕಲ್ಲಾದರೆ ಬ್ಲೇಡಿನ ಒತ್ತಡಕ್ಕೆ ಜಾರುತ್ತದೆ, ಕೋನ ಕೆಡುತ್ತದೆ ಅನ್ನುತ್ತಾರೆ. ಅದು ಸುಳ್ಳಲ್ಲ.

"ನಮ್ಮ ಅರಗು ಐತೆ ಮೇಷ್ಟ್ರೇ, ಚನ್ನಪಟ್ಣದ್ದು. ಒಂದ್ಸಲ ಕಚ್ಕಂಡ್ರೆ ಬಿಡಾಕಿಲ್ಲ. ನಿಮ್ ಮೇಡಂ ಕೆಲ್ಸ ಅಂತೀರ, ಮೇಣದಲ್ಲಿ ಕೂರ್ಸಿ ಜಾರ್ಬುಟ್ರೆ?"

ಅರಗು ಮರಕ್ಕೆ ಹಿಡಿಯುವ ಬಗೆಯೇ ಬೇರೆ. ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತುತ್ತದೆ. ಕಲ್ಲಿಗೆ ಹಾಗೆ ಆಗದು. ಭಾಯ್ ಗ್ಯಾಸಿನ ಟಾರ್ಚ್ ಹಚ್ಚಿ, ಕಲ್ಲಿನ ತಳಕ್ಕೆ ಎರಡು ಸಲ ಸವರಿ, ಅರಗು ಒತ್ತಿದರು.

ಟಕ್ ಎಂದಿತು. ಬಳೆ ಒಡೆದಷ್ಟೂ ಸದ್ದಿಲ್ಲ.

ಇಲ್ಲಿ ನನ್ನ ನೆನಪನ್ನು ತಿದ್ದಬೇಕು. ಬಹಳ ದಿನ ನಾನು ಹೇಳಿಕೊಂಡು ಬಂದದ್ದು ಹೀಗೆ: ನಾನು ಬೆಂಚಿನ ಹತ್ತಿರವಿದ್ದೆ, ಭಾಯ್ ನನ್ನನ್ನು ಕೇಳದೆ ಅರಗು ಹಾಕಿದರು, ಸದ್ದು ಕೇಳಿ ಓಡಿದೆ. ಓಡಿದ್ದು ಚೆನ್ನಾಗಿ ನೆನಪಿದೆ, ಕಾಲಿಗೆ ವೈರು ತಾಗಿದ್ದು ಕೂಡ. ಆದರೆ ಗರಗಸದ ಲಾಗ್ ಪುಸ್ತಕದಲ್ಲಿ ಆ ದಿನದ ಸಾಲು ಹೀಗಿದೆ: "ನೆಲದ ಕಲ್ಲು, ಒಂದು. ಅಂಟು: ಅರಗು." ಅಕ್ಷರ ನನ್ನದು. ಕತ್ತರಿಸುವ ಮುಂಚೆ ಬರೆಯುವ ಸಾಲು ಅದು. ಅಂದರೆ ನಾನು ಪಕ್ಕದಲ್ಲೇ ನಿಂತಿದ್ದೆ, ಹೂಂ ಅಂದಿದ್ದೆ. ಒಂದು ಗಂಟೆ ಕಾಯುವ ತಾಳ್ಮೆ ನನಗೂ ಇರಲಿಲ್ಲ.

ಭಾಯ್ ಟಾರ್ಚ್ ಆರಿಸಿ ನೆಲದ ಮೇಲೆ ಕೂತರು. "ಮರ ಆಗಿದ್ರೆ ಮೊದ್ಲೇ ಒಸಿ ಕಿರುಗುಟ್ತಿತ್ತು ಮೇಷ್ಟ್ರೇ. ಸಾಕು ಅಂತ ಹೇಳ್ತಿತ್ತು. ಇದು ಒಂದೇ ಸಲ ಹೇಳ್ತು."

ನಾನು ಕಲ್ಲಿನ ಮೇಲೆ ದೀಪ ಬಗ್ಗಿಸಿ ಬಿರುಕು ನೋಡಿದೆ. ಬೈಯಲಿಲ್ಲ ಎಂದು ಆಮೇಲೆ ಅವರು ಊರೆಲ್ಲ ಹೊಗಳಿಕೊಂಡು ಬಂದರು. ಬೈಯುವ ಹಕ್ಕು ನನಗಿರಲಿಲ್ಲ ಎಂದು ಲಾಗ್ ಪುಸ್ತಕ ನೋಡಿದ ಮೇಲೂ ನಾನು ಅವರಿಗೆ ಹೇಳಿಲ್ಲ.

ಬಿರುಕು ಕಲ್ಲಿನ ಒಂದು ಪಕ್ಕದಿಂದ ಒಳಗೆ ಓರೆಯಾಗಿ ಇಳಿದಿತ್ತು. ನಾನು ಹಾಕಿದ್ದ ಗೀಟಿನ ಪ್ರಕಾರ ಕತ್ತರಿಸಿದರೆ ಪ್ರಿಸಂನ ನಟ್ಟನಡುವೆ ಹಾಯುತ್ತದೆ. ಪೆಟ್ಟಿಗೆಯನ್ನು ಇನ್ನೊಮ್ಮೆ ಜಾಲಾಡಿದೆವು, ಭಾಯ್ ಕೂಡ ಕಂದು ಹಾಳೆ ಹಿಡಿದು ನೋಡಿದರು. ಬೇರೆ ಎಡಮುರಿ ಇರಲಿಲ್ಲ. ಶನಿವಾರ ಅಂಗಡಿಯವನು ಪೆಟ್ಟಿಗೆ ಒಯ್ದ.

ಮಾಲೀಕರು ವಿಷಯ ಕೇಳಿ ಸಲೀಸಾಗಿ ಅಂದರು: "ಬಲಮುರಿ ಬಾರಲ್ಲೇ ಒಂದು ಮಾಡಿ ಕೊಟ್ಬುಡು. ಕಮಿಟಿಯವ್ರೇನು ಭೂತಗನ್ನಡಿ ಹಿಡ್ಕಂಡು ಬತ್ತಾರಾ? ಬಣ್ಣ ಕಂಡ್ರೆ ಸೈನ್ ಹಾಕ್ತಾರೆ."

ಅದು ನಿಜ. ಹಸಿರು, ಹಳದಿ ಗೆರೆಗಳಲ್ಲಿ ಸೀಳು ಅತಿ ಸೂಕ್ಷ್ಮ, ಬರಿಗಣ್ಣಿಗೆ ಕಾಣದು. ನೇರಳೆಯಾಚೆ ಹೋದಂತೆ ಹೆಚ್ಚುತ್ತದೆ, ಆದರೆ ಅಲ್ಲಿ ಯಾರೂ ನೋಡುವುದಿಲ್ಲ. ಉಪಕರಣ ಉಳಿಯುತ್ತದೆ, ಕನಕಪುರಕ್ಕೆ ಹೋಗುತ್ತದೆ. ಬಾರು ಕೈಯಲ್ಲೇ ಇತ್ತು, ಅದರ ಅಕ್ಷ ಹುಡುಕುವ ಕೆಲಸವೂ ಇಲ್ಲ. ಶನಿವಾರ ಸಂಜೆ ಅದನ್ನು ಬೆಂಚಿನ ಮೇಲೆ ಇಟ್ಟೂ ಇಟ್ಟೆ.

ಅಲ್ಲಿ ಯಾರೂ ನೋಡುವುದಿಲ್ಲ ಎನ್ನುವುದು ಸುಳ್ಳು. ಅಲ್ಲಿ ನೋಡಬೇಕೆಂದೇ ಒಬ್ಬರು ಇಪ್ಪತ್ತೆರಡು ವರ್ಷ ಕಾದಿದ್ದಾರೆ. ಎರಡಾಗಿ ಸೀಳಿದ ಗೆರೆಯನ್ನು ನೋಡಿ ಅವರು ಆಕ್ಷೇಪಿಸುತ್ತಿರಲಿಲ್ಲ. ಒಳ್ಳೇದು ಕಣೋ ಅನ್ನುತ್ತಿದ್ದರು. ನಾನು ಸೀಟು ಬಿಟ್ಟ ವಿಷಯ ಬೇರೆಯವರಿಂದ ಕೇಳಿದಾಗಲೂ ಅಷ್ಟೇ ಅಂದಿದ್ದರಂತೆ.

ಬಾರು ತೆಗೆದು ಬಿರುಕಿನ ಕಲ್ಲನ್ನು ಮತ್ತೆ ಇಟ್ಟೆ. ಎಕ್ಸ್‌ರೇ ಹಚ್ಚದೆ ಸುಮ್ಮನೆ ತಿರುಗಿಸುತ್ತ ಕೂತೆ. ಆಗ ಹೊಳೆಯಿತು, ಹೊಳೆಯಬಾರದ್ದೇನಲ್ಲ, ಓದಿದವನಿಗೆ ಮೊದಲ ದಿನವೇ ಹೊಳೆಯಬೇಕಾಗಿದ್ದು. ಬಿಲ್ಲೆ ಕತ್ತರಿಸಿ ರೂಢಿಯಾದ ನಾನು ಕಲ್ಲಿನ ಮೂರು ದಿಕ್ಕನ್ನೂ ಲೆಕ್ಕಕ್ಕೆ ಹಿಡಿದು ಗೀಟು ಹಾಕಿದ್ದೆ. ಬಿಲ್ಲೆಗೆ ಮೂರೂ ಬೇಕು. ಪ್ರಿಸಂಗೆ ಬೇಡ. ಬೆಳಕಿಗೆ ಬೇಕಾದದ್ದು ಒಂದೇ, ಅಕ್ಷ. ಅಕ್ಷವನ್ನು ಬಿಡದೆ ಅದರ ಸುತ್ತ ಪ್ರಿಸಂ ಅನ್ನು ಎತ್ತ ಬೇಕಾದರೂ ತಿರುಗಿಸಿ ಕೂರಿಸಬಹುದು. ಬೆಳಕಿಗೆ ಎಲ್ಲ ಒಂದೇ. ಹಾಗಾದರೆ ಬಿರುಕಿನಿಂದ ತಪ್ಪಿಸಿಕೊಂಡು ತಿರುಗಿದರಾಯಿತು.

ಭಾನುವಾರ ಬೆಳಿಗ್ಗೆ ಭಾಯ್ ಚನ್ನಪಟ್ಟಣದಿಂದ ಬಸ್ಸಿನಲ್ಲಿ, ಅಕ್ಕ ಮನೆಯಿಂದ ನಡೆದುಕೊಂಡು ಬಂದರು. ಅಕ್ಕನನ್ನು ನಾನು ಕರೆದಿರಲಿಲ್ಲ. ಭಾಯ್‌ಗೆ ಮಾತ್ರ ಬರುತ್ತೀರಾ ಎಂದು ಕೇಳಿದ್ದೆ, ಅವರು ಅಕ್ಕನಿಗೆ ಹೇಳಿದ್ದರು. ಗೊಂಬೆ ಕಡೆಯುವಾಗ ಗಂಟು ಬಂದ ಮರವನ್ನು ಏನು ಮಾಡುತ್ತೀರಿ ಎಂದು ಭಾಯ್ ಅವರನ್ನು ಕೇಳಿದೆ.

"ಗಂಟಿನ ಕಡೆ ಬೆನ್ನು ಮಾಡಿ ಬುಗುರಿ ತೆಗೀತೀವಿ. ಮರ ಪೂರಾ ಬಿಸಾಕಾಕಾಯ್ತದಾ?"

"ಹಂಗೇ ಮಾಡೋಣ."

"ಅದನ್ನ ಕೇಳಾಕೆ ಮೂರು ದಿನ ಬೇಕಿತ್ತಾ, ಮೇಷ್ಟ್ರೇ?"

ಹೊಸ ಗೀಟು ಹಾಕಿದೆ. ಬಿರುಕನ್ನು ಪಕ್ಕಕ್ಕೆ ಸರಿಸಿದರೂ ಪೂರ್ತಿ ಎತ್ತರ ಸಿಗಲಿಲ್ಲ. ಮೂರರಲ್ಲಿ ಎರಡು ಪಾಲು ಮಾತ್ರ. ಸಾಕು ಎಂದು ನಿರ್ಧರಿಸಿದೆ. ಮೇಣದಲ್ಲೇ ಅಂಟಿಸಿದೆವು. ಒಂದು ಗಂಟೆ ಕಾಯಿಸಿ, ಒಂದು ಗಂಟೆ ಆರಿಸಿ. ಆ ಎರಡು ಗಂಟೆ ಭಾಯ್ ಟೀ ಕುಡಿಯಲೂ ಏಳದೆ ತಟ್ಟೆಯ ಪಕ್ಕ ಕೂತಿದ್ದರು. ಪ್ರತಿ ಕೊಯ್ತಕ್ಕೆ ಮುಂಚೆ ಕಲ್ಲು ಮತ್ತೆ ಬೆಂಚಿಗೆ ಬಂತು, ಮೂರನೆಯ ಚುಕ್ಕಿ ಹುಡುಕಿ ಅಕ್ಷ ಜಾರಿಲ್ಲವೆಂದು ನೋಡಿಕೊಂಡೆ. ಎರಡನೆಯ ಸಲ ಸ್ವಲ್ಪ ಜಾರಿತ್ತು, ಬಿಚ್ಚಿ ಮತ್ತೆ ಅಂಟಿಸಿದೆವು, ಮತ್ತೆ ಎರಡು ಗಂಟೆ.

ಪಾಲಿಶ್‌ಗೆ ನಾಲ್ಕು ದಿನ ಹಿಡಿಯಿತು, ಊಟದ ಹೊತ್ತಿನಲ್ಲಿ. ಅಕ್ಕ ಸಪಾಟು ಗಾಜನ್ನು ಕಲ್ಲಿನ ಮೇಲಿಟ್ಟು ಹಳದಿ ದೀಪದಡಿ ಪಟ್ಟೆಗಳನ್ನು ನೋಡುತ್ತಿದ್ದರು. ಪಟ್ಟೆ ಬಾಗಿದ್ದರೆ ಮೈ ಉಬ್ಬಿದೆ ಎಂದರ್ಥ. "ಇನ್ನೂ ಹೊಟ್ಟೆ ಐತೆ ಇದಕ್ಕೆ," ಅನ್ನುವರು, ಮತ್ತೆ ಉಜ್ಜುವರು. ಗುರುವಾರ ಪಟ್ಟೆಗಳು ನೂಲು ಹಿಡಿದ ಹಾಗೆ ನೇರವಾದವು. ಹಳೆಯ ಬಲಮುರಿ ಅರ್ಧಕ್ಕೆ ಹೊಸ ಎಡಮುರಿ ಅರ್ಧವನ್ನು ಒಂದು ಹನಿ ಶುದ್ಧ ನೀರಿನಲ್ಲಿ ಒತ್ತಿದೆ. ಅದು ಹೀರಿಕೊಂಡಂತೆ ಕೂತಿತು. ಕಂದು ಹಾಳೆಗಳ ನಡುವೆ ಹಿಡಿದು ನೋಡಿದೆ. ಬಣ್ಣವಿಲ್ಲ, ಒಂದು ತಿರುಚಿದ್ದನ್ನು ಇನ್ನೊಂದು ಬಿಡಿಸಿತ್ತು. ಕತ್ತಲು.

ಕಮಿಟಿ ಬರುವ ದಿನ ಬೆಳಿಗ್ಗೆ ಕಾಲೇಜಿನಲ್ಲಿ ಮೇಡಂ ಬಾಗಿಲಲ್ಲೇ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು 'ನಮಸ್ಕಾರ ಮೇಡಂ' ಅಂದೆ, ಅವರು "ದಪ್ಪ ಆಗಿದ್ದೀಯ" ಅಂದರು. ಸೀಟಿನ ಮಾತು ಬರುತ್ತದೆಂದು ಹನ್ನೊಂದು ವರ್ಷ ಹೆದರಿದ್ದೆ. ಬರಲಿಲ್ಲ. ಬರಲಿಲ್ಲವಲ್ಲ ಎಂದು ಕೊರಗಾಯಿತು.

ಪ್ರಿಸಂ ಕೂರಿಸಿ, ಕಡಿಮೆ ಬಿದ್ದ ಎತ್ತರವನ್ನು ಕಪ್ಪು ರಟ್ಟಿನಿಂದ ಮುಚ್ಚಿ, ಗೆರೆಗಳನ್ನು ಸರಿಯಾದ ಜಾಗಕ್ಕೆ ತರಲು ಬೆಳಗಿನಿಂದ ಮಧ್ಯಾಹ್ನವಾಯಿತು. ಪಾದರಸದ ದೀಪ ಹಚ್ಚಿದೆವು, ಕಾಣದ ಬೆಳಕು ಕಣ್ಣಿಗೆ ತಾಗದಂತೆ ಇಬ್ಬರೂ ಕನ್ನಡಕ ಹಾಕಿಕೊಂಡು. ಮೇಡಂ ಮಸೂರ ಹಿಡಿದು ಬಗ್ಗಿದರು.

"ಹಳದಿ ಎರಡು. ಅದು ಎರಡೇ ಇರ್ಬೇಕು. ಹಸಿರು..." ಮಸೂರ ಒರೆಸಿಕೊಂಡು ಮತ್ತೆ ಬಗ್ಗಿದರು. "ಹಸಿರು ಒಂದೇ ಕಣೋ."

ಕಮಿಟಿಯ ಮೂವರು ಎರಡು ಗಂಟೆಗೆ ಬಂದರು. ಮಸೂರದಲ್ಲಿ ನೋಡಿದವರು ಒಬ್ಬರೇ, "ಚೆನ್ನಾಗಿದೆ, ಸೀರಿಯಲ್ ಸೆಟ್ ಇದ್ದಂಗಿದೆ" ಅಂದರು. ಕನಕಪುರದ ಕಾಲೇಜಿಗೆ ವರ್ಗಾವಣೆ ಎಂದು ಬರೆದು ಸಹಿ ಹಾಕಿದರು. ಹತ್ತು ನಿಮಿಷದಲ್ಲಿ ಮುಗಿಯಿತು.

ಅವರು ಹೋದ ಮೇಲೆ ಮೇಡಂ ಕಿಟಕಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದರು. ಗೆರೆ ಬೀಳುವ ಜಾಗಕ್ಕೆ ಉತ್ತರಪತ್ರಿಕೆಯ ಬಿಳಿ ಹಾಳೆ ಸಿಕ್ಕಿಸಿದರು. ಆ ಥರದ ಹಾಳೆಯಲ್ಲಿ ಬಿಳುಪಿಗೆ ಹಾಕಿದ ಪುಡಿ ಇರುತ್ತದೆ, ಕಾಣದ ಬೆಳಕು ಬಿದ್ದರೆ ಅದು ತಿಳಿನೀಲಿಯಾಗಿ ಮಿನುಗುತ್ತದೆ. ಹಳದಿ, ಹಸಿರು, ನೀಲಿ, ನೇರಳೆ. ಆಮೇಲೆ ಏನೂ ಇರಬಾರದ ಜಾಗದಲ್ಲಿ ಒಂದು ನೀಲಿ ಗೆರೆ. ಅದರಾಚೆ ಇನ್ನೊಂದು. ಇನ್ನೂ ಆಚೆ, ಒಂಟಿಯಾಗಿ, ಎಲ್ಲಕ್ಕಿಂತ ಗಟ್ಟಿಯಾಗಿ ಒಂದು. ಸೀಳಿರಲಿಲ್ಲ.

ಮೇಡಂ ಪೆನ್ಸಿಲ್ ತೆಗೆದು, ಸ್ಕೇಲ್ ಇಟ್ಟು, ಒಂದೊಂದು ಗೆರೆಯ ಮೇಲೂ ನಿಧಾನವಾಗಿ ಎಳೆಯುತ್ತ ಹೋದರು. ಕೊನೆಯ ಗೆರೆ ಎಳೆದು ನಿಲ್ಲಿಸಿದಾಗ, ಅದರಾಚೆ ಹಾಳೆಯ ಅಂಚಿನಲ್ಲಿ ನನಗೆ ಇನ್ನೊಂದು ಕಂಡಿತು. ತೀರ ಮಸುಕು.

"ಅಲ್ಲಿ ಇನ್ನೊಂದೈತೆ ಮೇಡಂ."

ಅವರು ಬಗ್ಗಿ ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು.

"ನನಗೆ ಕಾಣಲ್ಲಪ್ಪ," ಎಂದು ಪೆನ್ಸಿಲನ್ನು ನನ್ನ ಕೈಗಿಟ್ಟರು. "ನೀನು ಎಳಿ."

ಎಳೆದೆ. ಎಳೆಯುವಾಗ ಗೆರೆ ಅಲ್ಲಿತ್ತು. ಎಳೆದು ಪೆನ್ಸಿಲ್ ಎತ್ತಿದಾಗ ಸೀಸದ ಗೀಟು ಮಾತ್ರ ಇತ್ತೋ, ಅದರಡಿ ಬೆಳಕೂ ಇತ್ತೋ, ಹೇಳಲಾರೆ. ಮೇಡಂ ಎಲ್ಲ ಗೆರೆಗಳ ಪಕ್ಕ ಅಳತೆ ಬರೆದರು, ನನ್ನದರ ಪಕ್ಕವೂ ಬರೆದರು. ಹಾಳೆಯನ್ನು ಮಡಿಸದೆ ಫೈಲಿನಲ್ಲಿಟ್ಟುಕೊಂಡು ಹೋದರು.

ಆ ಅಳತೆ ನನಗೆ ಬಾಯಿಪಾಠವಾಗಿದೆ. ಪಾದರಸಕ್ಕೆ ಆ ಜಾಗದಲ್ಲಿ ಗೆರೆ ಇದೆಯೋ ಇಲ್ಲವೋ ಎಂದು ಪಟ್ಟಿ ತೆಗೆದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಪಟ್ಟಿ ನನ್ನ ಮೊಬೈಲಿನಲ್ಲೇ ಇದೆ. ಇನ್ನೂ ನೋಡಿಲ್ಲ.